ಮುನ್ನಡೆಯ ಮೂವತ್ತೆಂಟು ನಿಮಿಷ

ಈ ಅಂಕಣದಲ್ಲಿ ಸಾಮಾನ್ಯವಾಗಿ ಬೆಳಕು, ಶಾಖ, ಲೋಲಕ, ಲಿಟ್ಮಸ್ ಕಾಗದಗಳಿಗೆ ಜಾಗ. ಈ ವಾರ ಚೆಂಡಿಗೆ ಬಿಟ್ಟುಕೊಡುತ್ತಿದ್ದೇನೆ. ಕಾರಣ ನಮ್ಮ ಬೆಂಗಳೂರು ಎಫ್‌ಸಿ ತಂಡ. 2025ರ ಏಪ್ರಿಲ್ 12ರ ಶನಿವಾರ ರಾತ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಪಂದ್ಯವನ್ನು ಅದು ಮೋಹನ್ ಬಾಗಾನ್‌ಗೆ 1-2ರಿಂದ ಸೋತಿತು. ಸೋಲು ಹಳೆಯದಾಯಿತು, ಈಗೇಕೆ ಕೆದಕುತ್ತೀರಿ ಎನ್ನುವವರಿದ್ದಾರೆ. ಅವರು ಅಭಿಮಾನಿಗಳಲ್ಲ ಎಂದಷ್ಟೇ ಹೇಳಬಲ್ಲೆ. ಫುಟ್‌ಬಾಲ್ ಅಭಿಮಾನಿಗೆ ಸೋಲು ಎಂಬುದು ಹಲ್ಲುನೋವಿದ್ದಂತೆ. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಆ ಸೋಮವಾರ ಜಯನಗರದ ನಮ್ಮ ಬಡಾವಣೆಯಲ್ಲಿ ಎದುರಾದ ಹುಡುಗರ ಮುಖ ನೋಡಬೇಕಿತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ರಜೆಯ ಖುಷಿಯಲ್ಲಿರಬೇಕಾದವರು ಫಲಿತಾಂಶ ಬಂದು ಹೋದವರಂತೆ ಕುಳಿತಿದ್ದರು. ಒಬ್ಬ ಹುಡುಗ, "ಸಾರ್, ರೆಫ್ರಿ ಸರಿಯಾಗಿದ್ದಿದ್ದರೆ ನಾವೇ ಗೆಲ್ತಿದ್ವಿ" ಎಂದ. ಇನ್ನೊಬ್ಬ, "ನಮ್ಮ ಹಣೆಬರಹವೇ ಇಷ್ಟು ಸಾರ್" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಣೆಬರಹ ಎಂಬ ಉತ್ತರವಂತೂ ವಿಜ್ಞಾನದ ಮೇಷ್ಟರ ಮುಂದೆ ಹೇಳುವಂಥದ್ದಲ್ಲ. ಒಂದು ಸಲ ಆದದ್ದನ್ನು ಆಕಸ್ಮಿಕ ಎನ್ನೋಣ, ಎರಡು ಸಲ ಆದರೂ ಸಹಿಸೋಣ. ಮೂರನೆಯ ಸಲವೂ ಅದೇ ಬಗೆಯಲ್ಲಿ ಆದರೆ ಅಲ್ಲಿ ಯಾವುದೋ ಕಾರಣ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.

ನೋಟ್‌ಬುಕ್ ತೆಗೆದುಕೊಳ್ಳಿ. ಬೆಂಗಳೂರು ತಂಡ ಈ ಲೀಗ್‌ನಲ್ಲಿ ಸೋತ ಫೈನಲ್‌ಗಳು ಮೂರು. ಮೊದಲನೆಯದು 2018ರ ಮಾರ್ಚ್ 17ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ, ಚೆನ್ನೈಯಿನ್ ವಿರುದ್ಧ, 2-3. ಎರಡನೆಯದು 2023ರ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ, ಆಗ ಎಟಿಕೆ ಮೋಹನ್ ಬಾಗಾನ್ ಎಂಬ ಹೆಸರಿದ್ದ ತಂಡದ ವಿರುದ್ಧ, 2-2 ಸಮನಾಗಿ ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ 3-4. ಮೂರನೆಯದು ಮೇಲೆ ಹೇಳಿದ ಕೋಲ್ಕತ್ತದ್ದು. ಹುಡುಗರಿಗೆ ಇಷ್ಟು ಬಾಯಿಪಾಠವಿದೆ. ಆದರೆ ಅವರು ಗಮನಿಸದ ಒಂದು ಅಂಶವಿದೆ. ಈ ಮೂರೂ ಪಂದ್ಯಗಳಲ್ಲಿ ನಮ್ಮ ತಂಡ ಒಂದಲ್ಲ ಒಂದು ಹೊತ್ತಿನಲ್ಲಿ ಮುಂದಿತ್ತು!

2018ರಲ್ಲಿ ಒಂಬತ್ತನೆಯ ನಿಮಿಷಕ್ಕೇ ಉದಾಂತ ಸಿಂಗ್ ಬಲಗಡೆಯಿಂದ ಕೊಟ್ಟ ಚೆಂಡಿಗೆ ಸುನಿಲ್ ಚೆಟ್ರಿ ಹಾರಿ ತಲೆ ಕೊಟ್ಟು ಗೋಲು ಹೊಡೆದರು. ಕಂಠೀರವ ಕುಣಿಯಿತು. ಹದಿನೇಳನೆಯ ನಿಮಿಷಕ್ಕೆ ಚೆನ್ನೈಯಿನ್ ಸಮಮಾಡಿತು. ಮುನ್ನಡೆ ಬಾಳಿದ್ದು ಎಂಟು ನಿಮಿಷ. 2023ರಲ್ಲಿ ರಾಯ್ ಕೃಷ್ಣ 78ನೆಯ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲಿನಿಂದ 2-1 ಆಯಿತು. 85ನೆಯ ನಿಮಿಷಕ್ಕೆ ಪೆನಾಲ್ಟಿ, 2-2. ಏಳು ನಿಮಿಷ. 2025ರಲ್ಲಿ 49ನೆಯ ನಿಮಿಷ. ರಯಾನ್ ವಿಲಿಯಮ್ಸ್ ಒದ್ದ ಚೆಂಡನ್ನು ತಡೆಯಹೋಗಿ ಮೋಹನ್ ಬಾಗಾನ್‌ನ ಆಲ್ಬರ್ಟೊ ರೊಡ್ರಿಗ್ಸ್ ತಮ್ಮ ಗೋಲಿಗೇ ಸೇರಿಸಿಬಿಟ್ಟರು. 72ನೆಯ ನಿಮಿಷಕ್ಕೆ ಜೇಸನ್ ಕಮಿಂಗ್ಸ್ ಪೆನಾಲ್ಟಿಯಿಂದ ಸಮಮಾಡಿದರು. ಇಪ್ಪತ್ತಮೂರು ನಿಮಿಷ.

ಕೂಡಿಸಿ. ಎಂಟು, ಏಳು, ಇಪ್ಪತ್ತಮೂರು; ಒಟ್ಟು ಮೂವತ್ತೆಂಟು. ಮೂರು ಫೈನಲ್‌ಗಳಲ್ಲಿ ಹೆಚ್ಚುವರಿ ಆಟವೂ ಸೇರಿ ಆಡಿದ್ದು 330 ನಿಮಿಷ. ಅದರಲ್ಲಿ ಮುಂದಿದ್ದದ್ದು ಮೂವತ್ತೆಂಟೇ ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಗೆ ಇಷ್ಟು ನಿಖರವಾದ ಅಳತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇನ್ನೂ ಒಂದು ಲೆಕ್ಕ. ಆ ಮೂರು ಫೈನಲ್‌ಗಳ ಆಟದ ಅವಧಿಯಲ್ಲಿ ನಾವು ಬಿಟ್ಟುಕೊಟ್ಟ ಗೋಲುಗಳು ಏಳು. ಅವು ಹೇಗೆ ಬಂದವು? 2018ರಲ್ಲಿ ಗ್ರೆಗರಿ ನೆಲ್ಸನ್ ಒದ್ದ ಕಾರ್ನರ್‌ಗಳಿಗೆ ಮೈಲ್ಸನ್ ಆಲ್ವೆಸ್ ಎಂಬ ಬ್ರೆಜಿಲ್‌ನ ರಕ್ಷಣಾ ಆಟಗಾರ ಎರಡು ಬಾರಿ ತಲೆ ಕೊಟ್ಟರು. 17ನೆಯ ನಿಮಿಷದಲ್ಲೊಮ್ಮೆ, ವಿರಾಮಕ್ಕೆ ಮುಂಚೆ 45ನೆಯ ನಿಮಿಷದಲ್ಲೊಮ್ಮೆ. ಒಂದೇ ಪಂದ್ಯ, ಅದೇ ಒದೆಯುವವನು, ಅದೇ ತಲೆ. 2023ರಲ್ಲಿ ಡಿಮಿಟ್ರಿ ಪೆಟ್ರಾಟೋಸ್ ಎರಡು ಪೆನಾಲ್ಟಿ ಹೊಡೆದರು. 2025ರಲ್ಲಿ ಕಮಿಂಗ್ಸ್ ಒಂದು. ಅಂದರೆ ಏಳರಲ್ಲಿ ಐದು ಗೋಲುಗಳು, ಚೆಂಡು ನಿಂತಿದ್ದಾಗ ಒದ್ದದ್ದರಿಂದ ಹುಟ್ಟಿದವು. ಆಟ ನಡೆಯುತ್ತಿರುವಾಗ ನಮ್ಮನ್ನು ಭೇದಿಸಿ ಬಂದವು ಎರಡೇ: 2018ರಲ್ಲಿ ರಫಾಯೆಲ್ ಆಗಸ್ಟೊ ಹೊಡೆದದ್ದು, 2025ರಲ್ಲಿ ಹೆಚ್ಚುವರಿ ಆಟದ ಆರಂಭದಲ್ಲಿ, 96ನೆಯ ನಿಮಿಷಕ್ಕೆ, ಜೇಮಿ ಮ್ಯಾಕ್ಲಾರೆನ್ ಹತ್ತಿರದಿಂದ ಹೊಡೆದದ್ದು.

ಹೀಗಾಗಿ ನಮ್ಮ ತಂಡಕ್ಕೆ ಆಡಲು ಬರುವುದಿಲ್ಲ ಎಂದು ಬೈಯುವುದು ಅನ್ಯಾಯ. ಓಡುವ ಚೆಂಡಿನ ಮುಂದೆ ನಾವು ಯಾರಿಗೂ ಕಡಿಮೆಯಲ್ಲ. 2018ರ ಲೀಗ್ ಹಂತದಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿದ್ದೆವು. ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ಚೆನ್ನೈಯಿನ್‌ಗೆ ಇದ್ದದ್ದು 32. 2025ರ ಪ್ಲೇಆಫ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿಯನ್ನು 5-0ಯಿಂದ ಮಣಿಸಿದ್ದೂ ಇದೇ ತಂಡ. ನಮ್ಮ ದೌರ್ಬಲ್ಯವಿರುವುದು ಚೆಂಡು ನಿಂತಾಗ.

ಕಾರ್ನರ್ ಒದೆತವನ್ನೇ ತೆಗೆದುಕೊಳ್ಳೋಣ. ಮೈದಾನದ ಅಗಲ ಸಾಮಾನ್ಯವಾಗಿ 68 ಮೀಟರ್. ಮೂಲೆಯಿಂದ ಗೋಲಿನ ನಡುಭಾಗಕ್ಕೆ 34 ಮೀಟರ್. ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೂ ತಲುಪಲು ಒಂದೂ ಮುಕ್ಕಾಲು ಸೆಕೆಂಡು ಹತ್ತಿರ ಬೇಕು. ಇದು ಸಾಕಷ್ಟು ದೊಡ್ಡ ಅವಧಿಯೇ. ಈಗ ಒಬ್ಬ ಆಟಗಾರ ನಿಂತಲ್ಲಿಂದ ಅರ್ಧ ಮೀಟರ್ ಮೇಲಕ್ಕೆ ಜಿಗಿಯುತ್ತಾನೆ ಎನ್ನಿ. ಒಂಬತ್ತನೆಯ ತರಗತಿಯ ಸೂತ್ರದಿಂದಲೇ ಲೆಕ್ಕ ಹಾಕಬಹುದು: ಅರ್ಧ ಮೀಟರ್ ಎತ್ತರ ತಲುಪಲು ಸುಮಾರು 0.32 ಸೆಕೆಂಡು. ಅಂದರೆ ಚೆಂಡು ತಲೆಯ ಮೇಲೆ ಬರುವುದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗ ಮೊದಲೇ ಅವನ ಕಾಲು ನೆಲ ಬಿಟ್ಟಿರಬೇಕು. ಚೆಂಡು ಬಂದಮೇಲೆ ಜಿಗಿಯುತ್ತೇನೆ ಎನ್ನುವವನು, ಬಸ್ಸು ಹೋದಮೇಲೆ ಕೈ ತೋರಿಸಿದವನ ಹಾಗೆ.

ದಾಳಿ ಮಾಡುವವನಿಗೆ ಇಲ್ಲಿ ಒಂದು ಅನುಕೂಲವಿದೆ. ಅವನು ನಾಲ್ಕು ಹೆಜ್ಜೆ ಓಡಿಬಂದು ಜಿಗಿಯುತ್ತಾನೆ. ಓಟದ ವೇಗದ ಒಂದಂಶವನ್ನು ಕೊನೆಯ ಹೆಜ್ಜೆಯಲ್ಲಿ ಮೇಲ್ಮುಖವಾಗಿ ತಿರುಗಿಸುತ್ತಾನೆ. ಎತ್ತರ ಜಿಗಿತದವರು ಓಡಿಬರುವುದು ಇದಕ್ಕೇ ಅಲ್ಲವೇ? ಕಾಯುವವನು ಗೋಲಿಗೆ ಬೆನ್ನುಮಾಡಿ ನಿಂತಲ್ಲೇ ನಿಂತಿದ್ದರೆ ಅವನಿಗೆ ಈ ಲಾಭವಿಲ್ಲ. ಹತ್ತು ಸೆಂಟಿಮೀಟರ್ ವ್ಯತ್ಯಾಸ ಬಂದರೂ ಸಾಕು. ಚೆಂಡಿನ ವ್ಯಾಸವೇ ಸುಮಾರು 22 ಸೆಂಟಿಮೀಟರ್. ಇದರ ಜೊತೆಗೆ ಕಾಯುವವನಿಗೆ ಎರಡು ಕೆಲಸ: ಚೆಂಡನ್ನೂ ನೋಡಬೇಕು, ತನ್ನ ಪಾಲಿನ ಎದುರಾಳಿಯನ್ನೂ ನೋಡಬೇಕು. ಎರಡೂ ಒಂದೇ ದಿಕ್ಕಿನಲ್ಲಿರುವುದಿಲ್ಲ. ಚೆಂಡನ್ನೇ ನೋಡುತ್ತ ನಿಂತವನ ಬೆನ್ನ ಹಿಂದಿನಿಂದ ಎದುರಾಳಿ ಓಡಿಬಂದ ಎಂದರೆ ಮುಗಿಯಿತು.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಎದುರಾಳಿಯ ಓಟದ ಹಾದಿಗೆ ಅಡ್ಡವಾಗಿ ಮೊದಲೇ ನಿಂತು, ಅವನಿಗೆ ಓಡಲು ಜಾಗ ಸಿಗದಂತೆ ಮಾಡಬೇಕು. ತಳ್ಳಬಾರದು, ನಿಲ್ಲಬಹುದು. ದಿನವೂ ಇಪ್ಪತ್ತು ನಿಮಿಷ ಇದನ್ನೇ ಅಭ್ಯಾಸ ಮಾಡಬೇಕು. ಬೇಸರದ ಕೆಲಸ, ನಿಜ. ಮಗ್ಗಿ ಬಾಯಿಪಾಠ ಮಾಡುವುದೂ ಬೇಸರದ ಕೆಲಸವೇ.

ಹೇಳಬೇಕಾದ ಇನ್ನೊಂದು ಮಾತಿದೆ. ಈ ಲೀಗ್‌ನಲ್ಲಿ ನಾವು ಗೆದ್ದ ಒಂದೇ ಒಂದು ಫೈನಲ್, 2019ರ ಮಾರ್ಚ್ 17ರದ್ದು, ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ. ಆವತ್ತು 116 ನಿಮಿಷ ಗೋಲೇ ಇಲ್ಲ. 117ನೆಯ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ರಾಹುಲ್ ಭೇಕೆ ತಲೆ ಕೊಟ್ಟರು, ಕಪ್ ನಮ್ಮದಾಯಿತು. ಒಂದು ವರ್ಷದ ಹಿಂದೆ ಅದೇ ದಿನಾಂಕದಂದು ಯಾವ ಅಸ್ತ್ರ ನಮ್ಮನ್ನು ಕೊಂದಿತ್ತೋ ಅದೇ ಅಸ್ತ್ರ! ವಿದ್ಯೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಹೊಡೆಯಲು ಬರುತ್ತದೆ, ತಡೆಯಲು ಮರೆಯುತ್ತೇವೆ.

ಪೆನಾಲ್ಟಿಯ ವಿಷಯಕ್ಕೆ ಬರೋಣ. ಮೂರು ಪೆನಾಲ್ಟಿಗಳಲ್ಲಿ ಎರಡು ಕೈಗೆ ಚೆಂಡು ತಗುಲಿದ್ದರಿಂದ ಬಂದವು. 2023ರಲ್ಲಿ ಎದುರಾಳಿಯ ಕಾರ್ನರ್ ತಡೆಯಲು ಹಿಂದೆ ಬಂದಿದ್ದ ರಾಯ್ ಕೃಷ್ಣ ಅವರ ಕೈಗೆ. 2025ರಲ್ಲಿ ಚಿಂಗ್ಲೆನ್‌ಸಾನಾ ಸಿಂಗ್ ಅವರ ಕೈಗೆ. ಇನ್ನೊಂದು ಪಾಬ್ಲೊ ಪೆರೆಸ್ ಮಾಡಿದ ಫೌಲ್. ಅದು ಪೆನಾಲ್ಟಿ ಚೌಕದ ಒಳಗೋ ಹೊರಗೋ ಎಂಬ ವಾದ ನಮ್ಮ ಅಭಿಮಾನಿಗಳಲ್ಲಿ ಇನ್ನೂ ನಿಂತಿಲ್ಲ. ನಿಲ್ಲುವುದೂ ಬೇಡ, ಅದಿಲ್ಲದಿದ್ದರೆ ಮೆಟ್ರೋದಲ್ಲಿ ಜಯನಗರದಿಂದ ಕಬ್ಬನ್ ಪಾರ್ಕಿನ ತನಕ ಏನು ಮಾತಾಡುವುದು?

ಕೈಗೆ ಚೆಂಡು ತಗುಲುವುದನ್ನು ಬೇಜವಾಬ್ದಾರಿ ಎಂದು ತಂದೆಯರು ಟಿವಿ ಮುಂದೆ ಕುಳಿತು ಬೈಯುತ್ತಾರೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಜಿಗಿಯಿರಿ. ಆಮೇಲೆ ಕೈ ಬೀಸಿಕೊಂಡು ಜಿಗಿಯಿರಿ. ಎರಡನೆಯದರಲ್ಲಿ ಹೆಚ್ಚು ಎತ್ತರ ಹೋಗುತ್ತೀರಿ. ತೋಳುಗಳು ಮೇಲೆದ್ದಾಗ ಕಾಲು ನೆಲವನ್ನು ಇನ್ನಷ್ಟು ಬಲವಾಗಿ ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ನಮ್ಮನ್ನು ಮೇಲೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಥಟ್ಟನೆ ತಿರುಗುವಾಗಲೂ ಹಾಗೆಯೇ. ದೇಹ ಸಮತೋಲಕ್ಕಾಗಿ ತಾನಾಗಿ ತೋಳು ಚಾಚುತ್ತದೆ. ತಂತಿಯ ಮೇಲೆ ನಡೆಯುವವನು ಕೋಲು ಹಿಡಿಯುವುದೂ ಇದೇ ಕಾರಣಕ್ಕೆ. ಆದ್ದರಿಂದ ಗೋಲಿನ ಮುಂದೆ ಕೈ ಒಳಗಿಟ್ಟು ಆಡುವುದು ಸ್ವಭಾವಕ್ಕೆ ವಿರುದ್ಧವಾದ ಚಲನೆ. ಬೈದರೆ ಬರುವುದಿಲ್ಲ, ಕಲಿಸಿದರೆ ಬರುತ್ತದೆ. ಪಂದ್ಯ ಮುಗಿಯುತ್ತ ಬಂದು, ಕಾಲು ಸೋತು, ಗಮನ ಚದುರಿದಾಗ ಕಲಿತದ್ದು ಜಾರಿ ಹಳೆಯ ಸ್ವಭಾವವೇ ಮರಳುತ್ತದೆ. ಆಟಗಾರನೊಬ್ಬ ತೊಂಬತ್ತು ನಿಮಿಷಗಳಲ್ಲಿ ಹತ್ತು ಕಿಲೋಮೀಟರ್‌ನಷ್ಟು ಓಡುತ್ತಾನೆ, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಕೊನೆಗೆ ಬಹುಮಟ್ಟಿಗೆ ಬರಿದಾಗಿರುತ್ತದೆ.

ಪೆನಾಲ್ಟಿ ಕೊಟ್ಟಮೇಲೆ ಗೋಲ್‌ಕೀಪರ್‌ನನ್ನು ದೂರುವುದಂತೂ ಶುದ್ಧ ಅವಿವೇಕ. ಚೆಂಡಿಗೂ ಗೋಲಿಗೂ 11 ಮೀಟರ್. ಗಂಟೆಗೆ 90 ಕಿಲೋಮೀಟರ್ ವೇಗದ ಚೆಂಡಿಗೆ ಈ ದೂರ 0.44 ಸೆಕೆಂಡಿನದು. ಕಣ್ಣು ಕಂಡು ದೇಹ ಕದಲುವಷ್ಟರಲ್ಲಿ 0.2 ಸೆಕೆಂಡು ಹೋಯಿತು. ಉಳಿದ ಕಾಲು ಸೆಕೆಂಡಿಗಿಂತ ಕಡಿಮೆ ವೇಳೆಯಲ್ಲಿ, ನಡುವಿನಿಂದ ಕಂಬದವರೆಗಿನ 3.66 ಮೀಟರ್ ಮುಚ್ಚಬೇಕು. ಮೂರೂ ಫೈನಲ್‌ಗಳಲ್ಲಿ ಗೋಲು ಕಾದ ಗುರುಪ್ರೀತ್ ಸಿಂಗ್ ಸಂಧು ಆರೂವರೆ ಅಡಿಯ ಆಳು; ಆದರೂ ಊಹಿಸಿ ಹಾರುವುದಲ್ಲದೆ ಬೇರೆ ದಾರಿಯಿಲ್ಲ. 2023ರ ಕೊನೆಯ ಒದೆತಗಳಲ್ಲಿ ನಮ್ಮ ಬ್ರೂನೊ ರಾಮಿರೆಸ್ ಒದ್ದದ್ದನ್ನು ವಿಶಾಲ್ ಕೈತ್ ತಡೆದರು, ಪೆರೆಸ್ ಒದ್ದದ್ದು ಅಡ್ಡಪಟ್ಟಿಯ ಮೇಲೆ ಹಾರಿತು. ಅದನ್ನು ನಾನು ದೌರ್ಬಲ್ಯದ ಪಟ್ಟಿಗೆ ಸೇರಿಸುವುದಿಲ್ಲ. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದ 1948ರ ಲಂಡನ್ ಒಲಿಂಪಿಕ್ಸ್‌ನ ಪಂದ್ಯ ನೆನೆಸಿಕೊಳ್ಳಿ. ಫ್ರಾನ್ಸ್ ವಿರುದ್ಧ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಎರಡೂ ತಪ್ಪಿದವು. 89ನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟು 1-2ರಿಂದ ಸೋತೆವು.

ಇಷ್ಟು ರಕ್ಷಣೆಯ ಮಾತಾಯಿತು. ಮತ್ತೊಂದು ದೌರ್ಬಲ್ಯವಿದೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಸೋತ ಮೂರು ಫೈನಲ್‌ಗಳಲ್ಲಿ ಆಟದ ಅವಧಿಯಲ್ಲಿ ನಮ್ಮ ಲೆಕ್ಕಕ್ಕೆ ಬಂದ ಗೋಲುಗಳು ಐದು. ಚೆಟ್ರಿ ಎರಡು. ವೆನೆಜುವೆಲಾದ ಮಿಕು ಒಂದು, ಫಿಜಿಯ ರಾಯ್ ಕೃಷ್ಣ ಒಂದು. ಇನ್ನೊಂದನ್ನು ಎದುರಾಳಿಯೇ ದಾನ ಮಾಡಿದ್ದು. ಚೆಟ್ರಿ ಬಿಟ್ಟರೆ ಬೇರೊಬ್ಬ ಭಾರತೀಯನ ಹೆಸರು ಆ ಪಟ್ಟಿಯಲ್ಲಿ ಇಲ್ಲ. 2024-25ರ ಲೀಗ್‌ನಲ್ಲಿ ನಮ್ಮ ನಾಯಕ 14 ಗೋಲು ಹೊಡೆದರು. ಆಗ ಅವರ ವಯಸ್ಸು ನಲವತ್ತು. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ತೊಂಬತ್ತು ನಿಮಿಷ ದಾಟಿದ ಮೇಲೆ ತಲೆ ಕೊಟ್ಟು ತಂಡವನ್ನು ಫೈನಲ್‌ಗೆ ಒಯ್ದವರೂ ಅವರೇ. ಕೈಮುಗಿಯಬೇಕಾದ ಮನುಷ್ಯ. ಆದರೆ ನಲವತ್ತು ವರ್ಷದವರ ಕಾಲಿನ ಮೇಲೆ ಒಂದು ಊರಿನ ತಂಡ ನಿಂತಿದ್ದರೆ, ಕೈಮುಗಿದು ಸುಮ್ಮನಿರಲಾಗುವುದಿಲ್ಲ. ಇಪ್ಪತ್ತರ ಹುಡುಗರು ಎಲ್ಲಿ ಎಂದು ಕೇಳಲೇಬೇಕು.

ಈ ಪ್ರಶ್ನೆಯನ್ನು ಆ ಫೈನಲ್‌ನ ವೇಳೆ ತರಬೇತುದಾರರಾಗಿದ್ದ ಜೆರಾರ್ಡ್ ಸರಗೋಸಾ ಒಬ್ಬರಿಗೇ ಕೇಳಿ ಪ್ರಯೋಜನವಿಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿಯ ತಂದೆತಾಯಿಯರಿಗೂ ಕೇಳಬೇಕಾಗುತ್ತದೆ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ನಮ್ಮ ದಕ್ಷಿಣದ ಬಡಾವಣೆಗಳಲ್ಲಲ್ಲ. ದಂಡು ಪ್ರದೇಶದ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರ, ಮರ್ಫಿ ಟೌನ್‌ಗಳಲ್ಲಿ. ಅಲ್ಲಿನ ಓಣಿಗಳು ಭಾರತ ತಂಡಕ್ಕೆ ಆಟಗಾರರನ್ನು ಕೊಟ್ಟಿವೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ನಮ್ಮ ಕಡೆ ಕ್ರಿಕೆಟ್ಟಿನದೇ ರಾಜ್ಯಭಾರ. ಈಗೀಗ ಬಿಟಿಎಂ ಲೇಔಟ್, ಜೆ.ಪಿ. ನಗರಗಳಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಹುಲ್ಲಿನ ಅಂಗಳಗಳು ಎದ್ದಿವೆ. ಹುಡುಗರು ಹತ್ತಿ ಹೋಗುತ್ತಾರೆ, ಒಳ್ಳೆಯದೇ. ಆದರೆ ನಾನು ಕಂಡ ಮಟ್ಟಿಗೆ ಒಂಬತ್ತನೆಯ ತರಗತಿಯ ಬಾಗಿಲಲ್ಲಿ ಬೂಟು ಅಟ್ಟಕ್ಕೇರುತ್ತದೆ. ಸಂಜೆ ಐದಕ್ಕೆ ಟ್ಯೂಷನ್, ಏಳಕ್ಕೆ ಇನ್ನೊಂದು ಟ್ಯೂಷನ್. ಹದಿನಾಲ್ಕರಿಂದ ಹದಿನೆಂಟು ಎಂದರೆ ಆಟಗಾರನ ದೇಹವೂ ಬುದ್ಧಿಯೂ ಬಲಿಯುವ ಕಾಲ. ಆ ನಾಲ್ಕು ವರ್ಷ ಮೈದಾನ ಬಿಟ್ಟವನನ್ನು ಇಪ್ಪತ್ತಕ್ಕೆ ಯಾವ ತರಬೇತುದಾರನೂ ತಯಾರು ಮಾಡಲಾರ. ನಾನೂ ಮೇಷ್ಟ್ರೇ, ಓದು ಬಿಡಿ ಎನ್ನುತ್ತಿಲ್ಲ. ವಾರಕ್ಕೆ ನಾಲ್ಕು ಸಂಜೆ, ಒಂದೂವರೆ ಗಂಟೆ. ಅಷ್ಟರಿಂದ ಯಾರ ರಸಾಯನಶಾಸ್ತ್ರವೂ ಕೆಟ್ಟದ್ದನ್ನು ನಾನು ಕಂಡಿಲ್ಲ.

ಊರಿನಲ್ಲಿ ಹುಡುಗರಿಲ್ಲ ಎನ್ನುವ ಹಾಗಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದೆ ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಐದು ದಶಕ ದಾಟಿ ಬಂದ ಆ ಕಪ್ಪಿನ ಬಗ್ಗೆ ನನ್ನ ತರಗತಿಯಲ್ಲಿ ಕೇಳಿದರೆ ಮೂವರು ಕೈ ಎತ್ತಿದರು. ಬೆಂಗಳೂರು ಎಫ್‌ಸಿಯ ಯುವ ತಂಡದಿಂದ ಬಂದ ವಿನೀತ್ ವೆಂಕಟೇಶ್ 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಏಕೈಕ ಗೋಲು ಹೊಡೆದರು. ಹತ್ತೊಂಬತ್ತರ ಹುಡುಗ. ಅಂಥವರು ಒಬ್ಬರಲ್ಲ, ಪ್ರತಿ ವರ್ಷ ಇಬ್ಬರು ಮೂವರು ಮೇಲೆ ಬರುವಂತಾದರೆ ಚೆಟ್ರಿಯವರ ನಂತರ ಏನು ಎಂಬ ಭಯವಿರುವುದಿಲ್ಲ.

ಆ ಸೋಲಿನ ಬೆನ್ನಿಗೆ ಬಂದ ಸುದ್ದಿಗಳೂ ಚೆನ್ನಾಗಿರಲಿಲ್ಲ. ಫೆಡರೇಷನ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ ನವೀಕರಣವಾಗದೆ 2025ರ ಜುಲೈನಲ್ಲಿ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಮಗನನ್ನು ಆಟಕ್ಕೆ ಕಳಿಸಲೇ ಬೇಡವೇ ಎಂದು ತೂಗಿ ನೋಡುತ್ತಿದ್ದ ತಂದೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಬನಶಂಕರಿಯ ಪೋಷಕರೊಬ್ಬರು ಆ ಪತ್ರಿಕೆಯ ತುಂಡನ್ನು ನನ್ನ ಮುಂದೆ ಹಿಡಿದು, "ನೋಡಿ ಮೇಷ್ಟ್ರೇ, ಇದಕ್ಕೆ ಕಳಿಸಲೇ?" ಎಂದರು. ಅವರ ಆತಂಕ ಸುಳ್ಳಲ್ಲ. ಆಟಗಾರನ ಬದುಕು ಅಂಕಪಟ್ಟಿಯಷ್ಟು ಭದ್ರವಲ್ಲ. ಆದರೆ ಅದೇ ಪ್ರಕಟಣೆಯ ಕೆಳಗಿನ ಸಾಲನ್ನೂ ಅವರಿಗೆ ತೋರಿಸಿದೆ: ಯುವ ತಂಡಗಳೂ ಮಕ್ಕಳ ಫುಟ್‌ಬಾಲ್ ಶಾಲೆಗಳೂ ಎಂದಿನಂತೆ ನಡೆಯುತ್ತವೆ ಎಂದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು, ಕಳಿಸುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಶುಲ್ಕ ಎಷ್ಟಂತೆ ಎಂದು ಕೇಳಿದರು.